ಡೋಸ್ ಅದೇ, ಬಾಟಲಿ ಅದೇ, ಸಕ್ಕರೆ ಮಾತ್ರ ಏರುತ್ತಿದೆ: ಇನ್ಸುಲಿನ್ ಯೂನಿಟ್ ಲೆಕ್ಕ ಎಲ್ಲಿ ತಪ್ಪಿದೆ?

ಮಲೆನಾಡಿಗ:
ಅಮ್ಮನಿಗೆ 30/70 ಇನ್ಸುಲಿನ್ (ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಎರಡರ ಮಿಶ್ರಣ), ಬೆಳಿಗ್ಗೆ ಮತ್ತು ರಾತ್ರಿ 20 ಯೂನಿಟ್. ಖಾಲಿ ಹೊಟ್ಟೆಯ ಸಕ್ಕರೆ 130ರ ಆಸುಪಾಸಿನಲ್ಲಿ ಇರುತ್ತಿತ್ತು, ಈಗ 250 ದಾಟುತ್ತಿದೆ. ಪಥ್ಯ ತಪ್ಪಿಲ್ಲ, ಬಾಟಲಿಯ ಅವಧಿ ಮುಗಿದಿಲ್ಲ. ಮೊನ್ನೆ ವೈದ್ಯರು 28ಕ್ಕೆ ಏರಿಸಿದರು, ಆದರೂ ಇಳಿಯಲಿಲ್ಲ. ಹೊಸ ಸಿರಿಂಜ್ ಪ್ಯಾಕೆಟನ್ನು ನನ್ನ ತಮ್ಮ ತಂದ ಮೇಲೆ ಇದು ಶುರುವಾಯಿತು. ಸಿರಿಂಜಿನಿಂದ ಹೀಗಾಗುತ್ತದೆಯೇ?

ಔಷಧದಂಗಡಿ:
ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದು? ಬಾಟಲಿಯ ಮೇಲೆ 40 ಐಯು/ಮಿಲಿ (ಒಂದು ಮಿಲಿಯಲ್ಲಿ 40 ಯೂನಿಟ್) ಎಂದಿದೆಯೇ, 100 ಎಂದೇ?

ಮಲೆನಾಡಿಗ:
ಕಿತ್ತಳೆ. ಹಳೆಯದು ಕೆಂಪು. ಬಾಟಲಿಯ ಮೇಲೆ 40 ಎಂದಿದೆ.

ಔಷಧದಂಗಡಿ:
ಹಾಗಾದರೆ ಕಾರಣ ಅದೇ. ಕೆಂಪು ಮುಚ್ಚಳದ್ದು ಯು-40, ಒಂದು ಮಿಲಿಗೆ 40 ಗೆರೆ. ಕಿತ್ತಳೆಯದು ಯು-100, ಅಷ್ಟೇ ಮಿಲಿಗೆ 100 ಗೆರೆ. ಗೆರೆ ಅಳೆಯುವುದು ದ್ರವದ ಪ್ರಮಾಣವನ್ನು. ಒಳಗೆ ಎಷ್ಟು ಮದ್ದಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಕಿತ್ತಳೆಯಲ್ಲಿ 20ರ ಗೆರೆ ಎಂದರೆ 0.2 ಮಿಲಿ. ನಿಮ್ಮ ಬಾಟಲಿಯಲ್ಲಿ ಮಿಲಿಗೆ 40 ಯೂನಿಟ್, ಹಾಗಾಗಿ ಅದನ್ನು 40ರಿಂದ ಗುಣಿಸಿ: 8 ಯೂನಿಟ್. ಅಮ್ಮನಿಗೆ ಇಷ್ಟು ದಿನ ಹೋಗಿದ್ದು ಅಷ್ಟೇ. 28ರ ಗೆರೆಯಲ್ಲೂ ಸಿಗುವುದು 11.2 ಮಾತ್ರ.

ಲೆಕ್ಕದ ಮೇಷ್ಟ್ರು:
ಎರಡೂವರೆಯಿಂದ ಗುಣಿಸಿದರೆ ಮುಗಿಯಿತಲ್ಲ? 20 ಯೂನಿಟ್‌ಗೆ ಕಿತ್ತಳೆಯಲ್ಲಿ 50ರ ಗೆರೆ.

ಔಷಧದಂಗಡಿ:
ಗಣಿತ ಸರಿ ಸರ್, ಆದರೆ ಮನೆಯಲ್ಲಿ ಅದನ್ನು ರೂಢಿ ಮಾಡಬೇಡಿ. ಇಂದು ನೀವು ಚುಚ್ಚುತ್ತೀರಿ, ನಾಳೆ ಅತ್ತಿಗೆಯೋ ಪಕ್ಕದ ಮನೆಯವರೋ ಚುಚ್ಚುತ್ತಾರೆ. ಇದಕ್ಕಿಂತ ಭಯಂಕರವಾದದ್ದು ತಿರುಗಾಮುರುಗಾ ಆಗುವುದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಒಳಗೆ ಹೋಗುತ್ತದೆ. ಬಾಟಲಿಯ ಸಂಖ್ಯೆ, ಸಿರಿಂಜಿನ ಸಂಖ್ಯೆ ಒಂದೇ ಇರಲಿ, ಗುಣಾಕಾರವೇ ಬೇಡ.

ಮಲೆನಾಡಿಗ, ಒಂದು ಮಾತು. ಕೆಂಪು ಸಿರಿಂಜ್ ಸಿಕ್ಕ ಕೂಡಲೇ ಅದರಲ್ಲಿ 28 ಎಳೆಯಬೇಡಿ! ಆ 28 ತಪ್ಪು ಅಳತೆಯ ಮೇಲೆ ಬರೆದದ್ದು. 11ರಿಂದ ಒಮ್ಮೆಗೇ 28ಕ್ಕೆ ಜಿಗಿದಂತಾಗುತ್ತದೆ. ಮುಂದಿನ ಚುಚ್ಚುಮದ್ದಿಗೆ ಮುಂಚೆಯೇ ವೈದ್ಯರಿಗೆ ಫೋನ್ ಮಾಡಿ, ಸಿರಿಂಜ್ ಬದಲಾದದ್ದನ್ನು ಹೇಳಿ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ. ಕುತೂಹಲಕ್ಕೆ ಕೇಳುತ್ತೇನೆ, ಯೂನಿಟ್ಟನ್ನು ಮಿಲಿಗ್ರಾಂ ಮಾಡಬಹುದೇ?

ಔಷಧದಂಗಡಿ:
ಮಾನವ ಇನ್ಸುಲಿನ್ನಿನ ಒಂದು ಯೂನಿಟ್ ಸುಮಾರು 0.035 ಮಿಲಿಗ್ರಾಂ. ಮನೆಯಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಯೂನಿಟ್ ಎಂಬುದು ತೂಕವಲ್ಲ, ಪರಿಣಾಮದ ಅಳತೆ. ಶುರುವಿನಲ್ಲಿ ಮೊಲಗಳ ರಕ್ತದ ಸಕ್ಕರೆ ಎಷ್ಟು ಇಳಿಯಿತು ಎಂದು ನೋಡಿ ನಿಗದಿ ಮಾಡುತ್ತಿದ್ದರು.

ಮಲೆನಾಡಿಗ:
ವೈದ್ಯರೊಂದಿಗೆ ಮಾತಾಯಿತು. ಕೆಂಪು ಸಿರಿಂಜಿನಲ್ಲಿ ಹಳೆಯ 20ಕ್ಕೇ ಮರಳಲು ಹೇಳಿದರು. ನಾಲ್ಕು ದಿನ ರಾತ್ರಿಯೂ ಪರೀಕ್ಷಿಸಬೇಕಂತೆ. 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕಂತೆ. ಉಳಿದ ಕಿತ್ತಳೆ ಸಿರಿಂಜ್‌ಗಳನ್ನು ಇಟ್ಟುಕೊಳ್ಳಲೇ?

ಔಷಧದಂಗಡಿ:
ಬೇಡ. ಒಡೆಯದ ಪ್ಯಾಕೆಟ್ಟಾದರೆ ಅಂಗಡಿಗೆ ಹಿಂದಿರುಗಿಸಿ.