ಅಪ್‌ಡೇಟ್: ಟ್ಯಾಪೆಟ್ ಟಕಟಕ ಎಲ್ಲಿಂದ ಅಂತ ಗೊತ್ತಾಯ್ತು

ನನ್ನ 500 ಸಿಸಿ ಹಳೇ ಸ್ಟೈಲ್ ಬೈಕ್ ಎಂಜಿನ್ ಬಿಸಿಯಾದ ಮೇಲೂ ಟಕಟಕ ಅನ್ನುತ್ತದೆ, ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ಗ್ಯಾಪನ್ನು ಆಯಿಲ್ ಮೂಲಕ ತಾನೇ ಸರಿಮಾಡಿಕೊಳ್ಳುವ ಭಾಗ) ಹೋಗಿದೆಯಾ ಅಂತ ಕೇಳಿದ್ದೆ ಅಲ್ವಾ? ಉತ್ತರ ಸಿಕ್ಕಿದೆ.

ಕೆಲವರು ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಇಟ್ಟು ಅಡ್ಜಸ್ಟ್ ಮಾಡಿಸಿ ಅಂದಿದ್ದಿರಿ. ಇದರಲ್ಲಿ ಅಡ್ಜಸ್ಟ್ ಮಾಡಲು ಏನೂ ಇಲ್ಲ ಮಾರಾಯ್ರೆ. ಒಳಗಿನ ಆಯಿಲೇ ಗ್ಯಾಪ್ ತುಂಬುತ್ತದೆ. ಸೈಲೆನ್ಸರ್ ಬೆಂಡ್ ಪೈಪ್ ಲೀಕ್ ಆದರೂ ಇದೇ ಥರ ಸದ್ದು ಬರುತ್ತದೆ. ಅದನ್ನೇ ಮೊದಲು ನೋಡಿದೆವು, ಸರಿ ಇತ್ತು. ಆಯಿಲ್ ಲೆವೆಲ್ಲೂ ಸರಿ.

ಪಡೀಲಿನ ಮೆಕ್ಯಾನಿಕ್ ಅಣ್ಣ ಎರಡೂ ಟ್ಯಾಪೆಟ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವಿಗೆ ಒಂದೊಂದು) ಹೊರಗೆ ತೆಗೆದು ಹೆಬ್ಬೆರಳಲ್ಲಿ ಅದರೊಳಗಿನ ಪ್ಲಂಜರ್, ಅಂದರೆ ಜಾರುವ ಕೊಳವೆ, ಒತ್ತಿ ತೋರಿಸಿದರು. ಇನ್‌ಟೇಕಿನದ್ದು ಅಲ್ಲಾಡಲಿಲ್ಲ. ಎಕ್ಸಾಸ್ಟಿನದ್ದು ಸ್ಪಂಜಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಬಿಚ್ಚಿದರೆ ಆಯಿಲ್ ವಾಪಸ್ ಹೋಗದಂತೆ ತಡೆಯುವ ಚೆಕ್ ವಾಲ್ವಿನ ಪುಟ್ಟ ಬಾಲ್ ಕೂರುವಲ್ಲಿ ಕಪ್ಪು ಕಸ! ಆಯಿಲ್ ಒಳಗೆ ನಿಲ್ಲುತ್ತಲೇ ಇರಲಿಲ್ಲ. ಚಿಮಿಣಿ ಎಣ್ಣೆಯಲ್ಲಿ ತೊಳೆದು, ಹೊಸ ಆಯಿಲಲ್ಲಿ ಮುಳುಗಿಸಿ, ಗಾಳಿ ತೆಗೆದು ಕೂರಿಸಿದರು. ಜೋಡಿಸಿದ ಕೂಡಲೇ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಪುಶ್‌ರಾಡ್ (ಟ್ಯಾಪೆಟ್ ಮೇಲೆ ಕೂತು ವಾಲ್ವ್ ಕಡೆ ತಳ್ಳುವ ಉದ್ದ ಕಡ್ಡಿ) ಬೆರಳಲ್ಲಿ ತಿರುಗುವವರೆಗೆ ಕಾಯಬೇಕಂತೆ, ಇಲ್ಲದಿದ್ದರೆ ಅದು ಬಾಗುವ ಸಾಧ್ಯತೆ ಇದೆ.

ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂಚೂರು ಟಿಕ್ ಟಿಕ್, ಅಷ್ಟೆ. ಅದು ಮಾಮೂಲು. ಮತ್ತೆ ಜಾಸ್ತಿ ಆದರೆ ಸುಮ್ನೆ ತೊಳೆಯುತ್ತಾ ಕೂರುವುದಿಲ್ಲ, ಎರಡನ್ನೂ ಹೊಸದೇ ಹಾಕಿಸುತ್ತೇನೆ.