ನಾಣ್ಯದ ಮೇಲಿರೋದು ಏಸುನಾ, ಸೂರ್ಯನಾ?

[ಇತಿಹಾಸ ಎಂ.ಎ. ಹಳೇ ಬ್ಯಾಚ್ ಗುಂಪು. ಹರೀಶ ಹಾಕಿದ ಫೋಟೊ: ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಂಚಿನ ನಾಣ್ಯ, ಎರಡೂ ಮುಖ]

ಹರೀಶ: ತಲೆ ಸುತ್ತ ಪ್ರಭೆ, ಆಶೀರ್ವಾದಕ್ಕೆ ಎತ್ತಿದ ಬಲಗೈ. ಕ್ರೈಸ್ತ ಧರ್ಮಕ್ಕೆ ಮುಕ್ತ ಅವಕಾಶ ಕೊಟ್ಟ 313ರ ಮಿಲಾನ್ ಶಾಸನ ಆದ್ಮೇಲಿನದು. ಏಸು ಅಲ್ದೆ ಇನ್ಯಾರು?

ಗಿರಿಜಾ: ಜೂಮ್ ಮಾಡಿ ನೋಡು ಹರೀಶ. ತಲೆ ಮೇಲಿರೋದು ವೃತ್ತ ಅಲ್ಲ, ಬಿಡಿಬಿಡಿ ಕಿರಣ. ಎಡಗೈಲಿ ಗೋಳ. ಭುಜದ ಮೇಲಿನ ವಸ್ತ್ರ ಬಿಟ್ರೆ ಮೈ ಬರಿದು. ಸುತ್ತ 'ಸೋಲಿ ಇನ್ವಿಕ್ಟೊ ಕೊಮಿಟಿ', ಅಂದ್ರೆ 'ಸೋಲಿಲ್ಲದ ಸಂಗಾತಿ ಸೂರ್ಯನಿಗೆ', ಅಂತ ಬರೆದೇ ಇದೆ. ಸೂರ್ಯದೇವ ಸೋಲ್ ಇವನು.

ಸತೀಶ: ಹಾಗಾದ್ರೆ ಎಡಗಡೆ ಖಾಲಿ ಜಾಗದಲ್ಲಿರೋ ಶಿಲುಬೆ? ಟಂಕಸಾಲೆಯವರು ಸುಮ್ನೆ ಕೊರೆದ್ರಾ?

ಗಿರಿಜಾ: ಕೆಳಗೆ 'ಪಿಟಿ' ಅಂತಿದೆ, ಅಂದ್ರೆ ಟಂಕಸಾಲೆ ಇಟಲಿಯ ಟಿಕಿನಮ್, ಈಗಿನ ಪಾವಿಯಾ. ಅದೇ ಜಾಗದಲ್ಲಿ ಬೇರೆ ಕಂತಿನ ನಾಣ್ಯಗಳಿಗೆ ನಕ್ಷತ್ರ, ಅರ್ಧಚಂದ್ರ, ಅಕ್ಷರ ಹಾಕ್ತಿದ್ರು. ಕಂತಿನ ಗುರುತು ಅಷ್ಟೇ.

ಸತೀಶ: ಅಷ್ಟು ಸಲೀಸಾಗಿ ಒಪ್ಪಲ್ಲ ಕಣೇ. ಅದೇ ಟಿಕಿನಮ್‌ನದು ಅಂತ ಹೇಳೋ 315ರ ಬೆಳ್ಳಿ ಪದಕದಲ್ಲಿ ದೊರೆಯ ಶಿರಸ್ತ್ರಾಣದ ಮೇಲೇ ಕೈ-ರೋ, ಅಂದ್ರೆ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರ ಹೆಣೆದ ಚಿಹ್ನೆ ಇದೆ.

ಗಿರಿಜಾ: ಪದಕ ಕೈ ಸೇರಿದ್ದು ದೊಡ್ಡವರಿಗೆ, ಕಂಚು ಓಡಾಡಿದ್ದು ಸಂತೆಯಲ್ಲಿ. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡ. ಕಂಚಿನ ಹಿಂಬದಿಯಲ್ಲಿ ಕೈ-ರೋ ಎದ್ದು ಕಾಣೋದು 327ರ ಸುಮಾರಿಗೆ, ಕಾನ್‌ಸ್ಟಾಂಟಿನೋಪಲ್‌ನಲ್ಲಿ: ಧ್ವಜದ ತುದಿಗೆ ಚಿಹ್ನೆ, ಬುಡ ಹಾವನ್ನ ಚುಚ್ಚಿದೆ. ಅದೂ ಅಪರೂಪ. ಹಿಂಬದಿ ತುಂಬ ದೊಡ್ಡ ಕೈ-ರೋ, ಅಕ್ಕಪಕ್ಕ ಆಲ್ಫಾ ಒಮೆಗಾ ಅನ್ನೋ ಗ್ರೀಕ್ ಅಕ್ಷರ ಬೇಕಂದ್ರೆ ಆಮೇಲಿನ ದೊರೆ ಮ್ಯಾಗ್ನೆನ್ಷಿಯಸ್‌ನ ಕಾಲಕ್ಕೆ ಬರಬೇಕು, 353ರ ಹೊತ್ತಿಗೆ.

ಸತೀಶ: ಚಿತ್ರ ಸೂರ್ಯನದೇ, ಒಪ್ಪಿದೆ. ಶಿಲುಬೆ ವಿಷಯ ಒಪ್ಪಿಲ್ಲ. ಗುರುತಿಗೆ ಅದನ್ನೇ ಆರಿಸಿದ್ದು ಯಾಕೆ ಅನ್ನೋ ಪ್ರಶ್ನೆ ಹಾಗೇ ಇದೆ.

ಉಮಾ: ಹರೀಶ, ದೊರೆಯ ಕಿವಿ ಹತ್ರ ತಿಳಿಹಸಿರು ಪುಡಿ ಕಾಣ್ತಿದೆ. ಕಡ್ಡಿ ತಾಗಿಸಿದ್ರೆ ಉದುರುತ್ತಾ?

ಹರೀಶ: ಹೌದು, ಉದುರುತ್ತೆ. ಹುಣಸೆಹಣ್ಣಲ್ಲಿ ಉಜ್ಜಿಬಿಡ್ಲಾ?

ಉಮಾ: ಬೇಡ್ವೇ ಬೇಡ! ಹುಳಿ ತಾಗಿದ್ರೆ ಅಕ್ಷರ ಹಿಡಿದಿಟ್ಟಿರೋ ಗಟ್ಟಿ ಪದರ ಕರಗುತ್ತೆ. ಇಂಥ ನಾಣ್ಯಕ್ಕೆ ತೆಳು ಬೆಳ್ಳಿ ಲೇಪ ಇರ್ತಿತ್ತು, ಉಳಿದಿದ್ರೆ ಅದೂ ಹೋಗುತ್ತೆ. ಗಟ್ಟಿ ಹಸಿರಿಂದ ತೊಂದ್ರೆ ಇಲ್ಲ. ಉದುರೋ ಪುಡಿ ಮಾತ್ರ ರೋಗ: ಒಳಗಿನ ಕ್ಲೋರೈಡ್‌ಗೆ ತೇವ, ಗಾಳಿ ಸಿಕ್ಕಿ ಆಮ್ಲ ಆಗುತ್ತೆ, ಆಮ್ಲ ಲೋಹ ತಿನ್ನುತ್ತೆ, ಮತ್ತೆ ಕ್ಲೋರೈಡ್. ತಾನಾಗಿ ನಿಲ್ಲಲ್ಲ.

ಹರೀಶ: ಮತ್ತೇನ್ ಮಾಡ್ಲಿ?

ಉಮಾ: ಮರದ ಹಲ್ಲುಕಡ್ಡಿಯಿಂದ ಪುಡಿ ತೆಗಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ (ಮೆದು ಕ್ಷಾರದ ಪುಡಿ) ಹಾಕಿ ನೆನೆಸು, ಕ್ಲೋರೈಡ್ ಹೊರಬರುತ್ತೆ, ವಾರಕ್ಕೊಮ್ಮೆ ದ್ರಾವಣ ಬದಲಿಸು. ಕೆಲವು ವಾರ ಬೇಕು, ಬಣ್ಣ ಸ್ವಲ್ಪ ಬದಲಾಗಬಹುದು. ನಲ್ಲಿ ನೀರು ಬಳಸಬೇಡ, ಅದ್ರಲ್ಲೇ ಕ್ಲೋರೈಡ್ ಇರುತ್ತೆ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕು. ಉಳಿದ ನಾಣ್ಯಗಳ ಜೊತೆ ಇಡಬೇಡ. ತಿಂಗಳು ಬಿಟ್ಟು ಅದೇ ಜಾಗ ನೋಡು, ಪುಡಿ ಬಂದಿದ್ರೆ ಮತ್ತೆ ಮೊದಲಿಂದ.