ಮರು: ‘ರ‍್ಯಾಷನಲ್’ಗೆ ಕನ್ನಡ ಬೇಕು (ಸಾವಿನಾಚೆಯ ಬದುಕು, ಪುರಾವೆ, ನಂಬಿಕೆ) – ತುರ್ತು

ಗೆಳೆಯರೇ,

ಕೇಳಿದವರ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಅವರಿಗೆ ಬೇಕಾಗಿರುವುದು ಒಂದು ಶೀರ್ಷಿಕೆ. ಪುರಾವೆ ಇಲ್ಲದೆ ಸಾವಿನಾಚೆಯ ಬದುಕನ್ನು ನಂಬುವುದು ‘ರ‍್ಯಾಷನಲ್’ ಆಗಬಹುದೇ ಅನ್ನುವ ಪ್ರಶ್ನೆಯಲ್ಲಿ ಆ ‘ರ‍್ಯಾಷನಲ್’ಗೆ ಏನು ಹಾಕೋದು? ಇಲ್ಲಿ ಬಂದ ಉತ್ತರಗಳಲ್ಲಿ ಅರ್ಧಕ್ಕರ್ಧ ‘ಪುರಾವೆ’ ಯಾವ ಭಾಷೆಯದು ಅನ್ನುವ ಜಗಳ. ಮೊದಲು ಅವರ ಕೆಲಸ ಮುಗಿಸೋಣ.

> ‘ತರ್ಕಬದ್ಧ’ ಇದೆಯಲ್ಲ, ಚರ್ಚೆ ಯಾಕೆ?

ಅದು ಇಲ್ಲಿ ಸಲ್ಲದು. ‘ಹಸಿರು ಕಣ್ಣಿನವರೆಲ್ಲ ಸತ್ತ ಮೇಲೆ ಚಂದ್ರನಿಗೆ ಹೋಗುತ್ತಾರೆ, ಈತನದು ಹಸಿರು ಕಣ್ಣು, ಆದ್ದರಿಂದ ಈತನೂ ಹೋಗುತ್ತಾನೆ.’ ತರ್ಕದ ಕೊಂಡಿ ಒಂದೂ ತಪ್ಪಿಲ್ಲ. ಇದನ್ನು ನಂಬಿದವರನ್ನು ರ‍್ಯಾಷನಲ್ ಅಂತೀರಾ? ನಮ್ಮ ಪ್ರಶ್ನೆ ನಂಬುವ ಮನುಷ್ಯನ ಬಗ್ಗೆ. ಹೀಗೆ ನಂಬುವಾಗ ಆತ ತನ್ನ ಬುದ್ಧಿಗೆ ತಾನೇ ಮೋಸ ಮಾಡಿಕೊಳ್ಳುತ್ತಿದ್ದಾನೆಯೇ, ಇಲ್ಲವೇ?

> ‘ವೈಚಾರಿಕ’ ಎಲ್ಲರಿಗೂ ಗೊತ್ತಿರುವ ಪದ.

ಗೊತ್ತಿರುವುದೇ ತೊಂದರೆ. ‘ವೈಚಾರಿಕ’, ‘ವಿಚಾರವಾದಿ’ ಅಂದ ಕೂಡಲೇ ಕನ್ನಡ ಓದುಗರ ಕಣ್ಣಿಗೆ ಒಂದು ಪಕ್ಷ ಕಾಣುತ್ತದೆ, ಪರಲೋಕ ಸುಳ್ಳು ಅನ್ನುವವರ ಪಕ್ಷ. ಶೀರ್ಷಿಕೆಯಲ್ಲೇ ತೀರ್ಪು ಕೊಟ್ಟಂತಾಗುತ್ತದೆ. ‘ಯುಕ್ತಿಯುಕ್ತ’ ಅರ್ಥಕ್ಕೆ ಹತ್ತಿರ, ಆದರೆ ಇವತ್ತು ಯುಕ್ತಿ ಅಂದರೆ ಉಪಾಯ. ಬಿಡಿ.

ನಾನು ಹೇಳುವುದು ‘ವಿವೇಕ’. ಬೇರ್ಪಡಿಸು ಅನ್ನುವ ಅರ್ಥದ ‘ವಿಚ್’ ಧಾತುವಿನಿಂದ ಬಂದದ್ದು. ಜೊಳ್ಳು ಯಾವುದು, ಗಟ್ಟಿ ಯಾವುದು ಅಂತ ಬಿಡಿಸಿ ನೋಡುವುದು. ಎದುರು ಪದವೂ ಎಲ್ಲರ ಬಾಯಲ್ಲಿದೆ: ಅವಿವೇಕ. ಈ ವಾದದಲ್ಲಿ ಎದುರು ಪದ ಪುಟಪುಟಕ್ಕೂ ಬೇಕಾಗುತ್ತದೆ. ‘ಅತರ್ಕಬದ್ಧ’ ಅಂತ ಬರೆದರೆ ಯಾರು ಓದುತ್ತಾರೆ?

ಇಂಗ್ಲೆಂಡಿನ ಗಣಿತಜ್ಞ, ತತ್ತ್ವಜ್ಞಾನಿ ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧದ ಹಡಗಿನ ಒಡೆಯನನ್ನು ನೆನಪಿಸಿಕೊಳ್ಳಿ. ಹಡಗು ಹಳೆಯದು, ಎಷ್ಟೋ ಸಲ ರಿಪೇರಿ ಕಂಡದ್ದು. ಮನಸ್ಸಿನಲ್ಲಿ ಅನುಮಾನ ಏಳುತ್ತದೆ. ಪರೀಕ್ಷೆ ಮಾಡಿಸಿದರೆ ದುಡ್ಡು ಖರ್ಚು. ‘ಇಷ್ಟು ಪ್ರಯಾಣ ಸುರಕ್ಷಿತವಾಗಿ ಮುಗಿಸಿದೆ, ದೇವರು ಕಾಯುತ್ತಾನೆ’ ಅಂತ ಅನುಮಾನವನ್ನು ಸುಮ್ಮನಾಗಿಸಿ, ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಆತ ತಪ್ಪಿತಸ್ಥನೇ ಅನ್ನುವುದು ಕ್ಲಿಫರ್ಡ್ ವಾದ, ಯಾಕೆಂದರೆ ಹಾಗೆ ನಂಬಲು ಆತನಿಗೆ ಹಕ್ಕಿರಲಿಲ್ಲ. ಈ ಒಡೆಯನನ್ನು ಕನ್ನಡದಲ್ಲಿ ಏನಂತೀರಿ? ‘ಅವೈಚಾರಿಕ’ ಅನ್ನುವುದಿಲ್ಲ. ಅವಿವೇಕಿ ಅಂತೀರಿ.

ಅನುವಾದಕರಿಗೆ ಇಲ್ಲೊಂದು ಎಚ್ಚರಿಕೆ. ವಿವೇಕಕ್ಕೆ ಎರಡು ಮುಖ. ಕೈಯಲ್ಲಿರುವ ಪುರಾವೆಗೆ ತಕ್ಕಷ್ಟೇ ನಂಬುವುದು ಒಂದು. ಬದುಕಿಗೆ ಯಾವುದು ಒಳ್ಳೆಯದೋ ಅದನ್ನು ಆರಿಸಿಕೊಳ್ಳುವುದು ಇನ್ನೊಂದು. ದೇವರನ್ನು ನಂಬಿದರೆ ಲಾಭ ಅಪಾರ, ನಷ್ಟ ಅಲ್ಪ ಅನ್ನುವ ಫ್ರೆಂಚ್ ಚಿಂತಕ ಪಾಸ್ಕಲ್‌ನ ಪಂದ್ಯ ಪೂರ್ತಿ ಎರಡನೆಯ ಬಗೆಯದು. 1896ರಲ್ಲಿ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಕ್ಲಿಫರ್ಡ್‌ಗೆ ಕೊಟ್ಟ ಉತ್ತರವೂ ಅದೇ ಕಡೆ ವಾಲುತ್ತದೆ: ಆಯ್ಕೆ ದೊಡ್ಡದು, ತಪ್ಪಿಸಿಕೊಳ್ಳಲು ಆಗದ್ದು, ಬುದ್ಧಿಯಿಂದ ತೀರ್ಮಾನವಾಗದ್ದು ಆದಾಗ ಮನಸ್ಸು ಹೇಳಿದಂತೆ ನಂಬಬಹುದು. ಪುಸ್ತಕದ ಒಳಗೆ ‘ತಿಳಿವಿನ ವಿವೇಕ’, ‘ಬಾಳಿನ ವಿವೇಕ’ ಅಂತ ಬೇರೆ ಮಾಡಿ ಬರೆಯಿರಿ. ಇಲ್ಲದಿದ್ದರೆ ಜೇಮ್ಸ್ ಗೆದ್ದಂತೆ ಕಾಣುತ್ತದೆ, ಗೆದ್ದದ್ದು ಪದದ ಎಳೆದಾಟದಿಂದ ಮಾತ್ರ.

> ‘ಪುರಾವೆ’ ಬೇಡ, ‘ಪ್ರಮಾಣ’ ಅನ್ನಿ. ನಮ್ಮ ಶಾಸ್ತ್ರದ ಪದ.

ಶಾಸ್ತ್ರದ ಪದ ಅನ್ನುವುದಕ್ಕೇ ಬೇಡ. ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಪ್ರಮಾಣ (ಅರಿವಿನ ದಾರಿ) ನಾಲ್ಕು: ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ಇಲ್ಲಿ ಸಂಶಯವಲ್ಲ, ತರ್ಕಿಸಿ ತಿಳಿದದ್ದು), ಉಪಮಾನ (ಹೋಲಿಕೆ), ಶಬ್ದ (ನಂಬಬಹುದಾದವರ ಮಾತು). ವೇದವಾಕ್ಯ ಶಬ್ದದಲ್ಲೇ ಬಂತು. ಹಾಗಾದರೆ ‘ಪ್ರಮಾಣವಿಲ್ಲದೆ’ ಅಂದ ಕೂಡಲೇ ಅವರು ‘ಇದೆಯಲ್ಲ’ ಅನ್ನುತ್ತಾರೆ, ಪ್ರಶ್ನೆಯೇ ಬಿದ್ದುಹೋಗುತ್ತದೆ. ಪ್ರತ್ಯಕ್ಷವೊಂದನ್ನೇ ಒಪ್ಪುವ ಚಾರ್ವಾಕರಿಗೆ ‘ಇಲ್ಲ’ ಅನ್ನುವ ಉತ್ತರ ಮೊದಲೇ ಸಿದ್ಧ. ವೇದದ ಅರ್ಥ ವಿಚಾರಿಸುವ ಮೀಮಾಂಸಕರಂತೂ ಅರಿವು ತಾನಾಗಿಯೇ ಪ್ರಮಾಣ, ಅದನ್ನು ಸುಳ್ಳಾಗಿಸುವ ಬಾಧಕ ಬಂದಾಗ ಮಾತ್ರ ಅದನ್ನು ಕೈಬಿಡಬೇಕು ಅನ್ನುತ್ತಾರೆ. ಬಹಳ ಬಲವಾದ ಮಾತು. ಪುರಾವೆ ಕೊಡುವ ಹೊರೆಯನ್ನೇ ಅದು ನಂಬದವರ ದಡಕ್ಕೆ ದಾಟಿಸುತ್ತದೆ. ಅದರ ಮೇಲೆ ಬೇರೆ ಲೇಖನವನ್ನೇ ಬರೆಯಬಹುದು, ಆದರೆ ಈ ಶೀರ್ಷಿಕೆ ಕೇಳುತ್ತಿರುವುದು ಅದನ್ನಲ್ಲ.

> ‘ಪುರಾವೆ’ ಮರಾಠಿಯಿಂದ ಬಂದದ್ದು. ಅಚ್ಚಗನ್ನಡದಲ್ಲಿ ‘ಕುರುಹು’ ಸಾಕು.

ಸಾಲದು. ಕುರುಹು ಅಂದರೆ ಗುರುತು. ಒದ್ದೆ ಮಣ್ಣಿನ ಮೇಲಿನ ಹೆಜ್ಜೆ ಕುರುಹು. ಅದು ಯಾರದ್ದು ಅಂತ ತೂಗಿ ನೋಡಿ ಒಪ್ಪಿದ ಮೇಲೆ ಪುರಾವೆ. ಮರಾಠಿಯ ಪದವನ್ನು ಹೊರಗೆ ಹಾಕಿ ಅನ್ನುವ ನೀವೇ ಹಿಂದಿನ ಪತ್ರದಲ್ಲಿ ‘ತರ್ಕ’ ಅಂತ ನಾಲ್ಕು ಕಡೆ ಬರೆದಿದ್ದೀರಿ. ಸಂಸ್ಕೃತದಿಂದ ಬಂದದ್ದು ಎರವಲಲ್ಲವೇ? ಓದುಗರು ತಡೆಯದೆ ಓದುವ ಪದ ಕನ್ನಡದ ಪದ. ಈ ವಾದ ನನಗೆ ಇಲ್ಲಿಗೆ ಮುಗಿಯಿತು.

ಇಷ್ಟೆಲ್ಲ ನಡೆದರೂ ನಿಜಕ್ಕೂ ನಮ್ಮದೇ ಆದ ಪದವನ್ನು ಯಾರೂ ಮುಟ್ಟಿಲ್ಲ. ‘ನಂಬು’. ತಮಿಳಿನಲ್ಲೂ ನಂಬು, ತೆಲುಗಿನಲ್ಲಿ ನಮ್ಮು. ‘ಆಕೆಯನ್ನು ನಂಬುತ್ತೇನೆ’ ಅಂದರೆ ಭರವಸೆ. ‘ಆಕೆ ಬರುತ್ತಾಳೆ ಎಂದು ನಂಬುತ್ತೇನೆ’ ಅಂದರೆ ಒಂದು ಸಂಗತಿ ನಿಜ ಅನ್ನುವ ಎಣಿಕೆ. ‘ಸಾವಿನಾಚೆಯ ಬದುಕನ್ನು ನಂಬುವುದು’ ಅಂತ ಬರೆದರೆ ಭರವಸೆಯ ನೆರಳು ಬೀಳುತ್ತದೆ, ಉತ್ತರ ಸುಲಭವಾಗಿಬಿಡುತ್ತದೆ. ಭರವಸೆಗೆ ಪುರಾವೆ ಕೇಳುವವರು ಕಡಿಮೆ. ಸತ್ತವರನ್ನು ಮತ್ತೆ ಕಾಣುವ ಆಸೆ ಅವಿವೇಕ ಅಂತ ನಾನಂತೂ ಯಾರಿಗೂ ಹೇಳಲಾರೆ. ‘ಇರಲಿ’ ಅನ್ನಲು ಯಾರ ಅಪ್ಪಣೆಯೂ ಬೇಡ. ‘ಇದೆ’ ಅನ್ನುವುದು ಬೇರೆ. ಅದನ್ನು ಹೇಳಿದವರು ‘ಹೇಗೆ ಗೊತ್ತು?’ ಅನ್ನುವ ಪ್ರಶ್ನೆಗೆ ಸಿಕ್ಕೇ ಸಿಗುತ್ತಾರೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೂಡ 1788ರಲ್ಲಿ ಆತ್ಮ ಅಮರ ಅನ್ನುವುದನ್ನು ತಿಳಿದ ವಿಷಯ ಅನ್ನಲಿಲ್ಲ. ನೀತಿಯ ಬದುಕಿಗಾಗಿ ಇಟ್ಟುಕೊಳ್ಳಬೇಕಾದ ನಂಬಿಕೆ ಅಂದ.

ಆದ್ದರಿಂದ ಶೀರ್ಷಿಕೆ ಹೀಗಿರಲಿ: ‘ಪುರಾವೆಯಿಲ್ಲದೆ, ಸಾವಿನಾಚೆಗೂ ಬದುಕಿದೆ ಎಂದು ನಂಬುವುದು ವಿವೇಕವಾಗಬಹುದೇ?’ ಸ್ವಲ್ಪ ಉದ್ದ, ಆದರೂ ಸರಿ. ‘ಮರಣೋತ್ತರ’ ಹಾಕಬೇಡಿ, ಪರೀಕ್ಷೆ, ಪ್ರಶಸ್ತಿ ನೆನಪಾಗುತ್ತವೆ. ‘ಪರಲೋಕ’ವೂ ಬೇಡ, ಮರುಹುಟ್ಟನ್ನು ನಂಬುವವರು ಹೊರಗುಳಿಯುತ್ತಾರೆ.